ಗೋಧಿ ನಿಲ್ಲಿಸಿದ ಗಿರಣಿ

ನನ್ನ ಮೊಮ್ಮಗಳ ಲಂಗ ಗಿಡ್ಡವಾಗಿದೆ! ಹಸಿರು ಲಂಗ, ಕೆಂಪು ಅಂಚು. ಹೋದ ಯುಗಾದಿಯ ಹಿಂದಿನ ಯುಗಾದಿಗೆ ಹೊಲಿಸಿದ್ದು. ಆಗ ಅದು ನೆಲ ಗುಡಿಸುತ್ತಿತ್ತು, ಸೊಂಟದಲ್ಲಿ ನಿಲ್ಲದೆ ಪಿನ್ನು ಚುಚ್ಚಿದ್ದೆವು. ನಿನ್ನೆ ಅದೇ ಲಂಗ ಹಾಕಿಕೊಂಡು ಭದ್ರಾವತಿಯಲ್ಲಿ ಬಸ್ಸಿಳಿದು ಓಡಿ ಬಂದಳು ನೋಡಿ, ಕಾಲ್ಗೆಜ್ಜೆ ಕಾಣುತ್ತಿದೆ, ಗೆಜ್ಜೆಯ ಮೇಲೆ ಅಂಗೈ ಅಗಲ ಕಾಲೂ ಕಾಣುತ್ತಿದೆ! ಹಿಂದೆಯೇ ಬಂದ ಸೊಸೆ ಗಿರಣಿಯ ಬಾಗಿಲಲ್ಲೇ ನಿಂತು, "ಅತ್ತೆ, ರಕ್ತ ಸರಿ ಬಂದಿದೆ. ಡಾಕ್ಟ್ರಿಗೆ ತುಂಬಾ ಖುಷಿ ಆಯ್ತು," ಎಂದಳು. ರಕ್ತದ ಲೆಕ್ಕ ನನಗೆ ತಿಳಿಯುವುದಿಲ್ಲ, ಲಂಗದ ಲೆಕ್ಕ ತಿಳಿಯುತ್ತದೆ. ಮೋಟಾರು ಆರಿಸಿ ಬೀದಿಗೆ ಬಂದು ಕಂಡವರಿಗೆಲ್ಲ ಹೇಳಿದೆ. ಕಾಣದವರ ಮನೆ ಬಾಗಿಲು ತಟ್ಟಿ ಹೇಳಿದೆ. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ.

ಇದನ್ನು ಕೂತು ಬರೆಯಲು ಇನ್ನೊಂದು ಕಾರಣವೂ ಇದೆ. ಗೋಧಿ ತಿನ್ನಬಹುದಾ, ಧಾನ್ಯವೆಲ್ಲ ಬಿಡಬೇಕಂತೆ ಹೌದಾ ಎಂದು ಗಿರಣಿಗೆ ಬಂದವರು ಕೇಳುತ್ತಲೇ ಇರುತ್ತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ವೈದ್ಯ ಹೇಳುವವಳಲ್ಲ. ನಮ್ಮ ಮನೆಯಲ್ಲಿ, ನಮ್ಮ ಗಿರಣಿಯಲ್ಲಿ ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಗಿರಣಿ ಇರುವುದು ಭದ್ರಾವತಿಯಲ್ಲಿ, ಕಾರ್ಖಾನೆಯವರೇ ಹೆಚ್ಚಾಗಿರುವ ಬೀದಿಯಲ್ಲಿ. ಯಜಮಾನರು ಹೋದ ಮೇಲೆ ನಾನೇ ನಡೆಸುತ್ತಿದ್ದೇನೆ. ಹಿಂದಿನ ಕೋಣೆಯಲ್ಲಿ ನನ್ನ ವಾಸ. ಮಗ ಶಿವಮೊಗ್ಗದ ವಿದ್ಯಾನಗರದಲ್ಲಿದ್ದಾನೆ, ಗಾಡಿ ಬಿಡಿಭಾಗದ ಅಂಗಡಿಯಲ್ಲಿ ಕೆಲಸ. ಸೊಸೆಗೆ ಶಂಕರಘಟ್ಟದಲ್ಲಿ ಆಫೀಸು ಕೆಲಸ. ಅವಳ ಬಸ್ಸು ದಿನವೂ ನಮ್ಮೂರ ಮೇಲೆಯೇ ಹೋಗುತ್ತದೆ. ಅವರಿಗೆ ಒಬ್ಬಳೇ ಮಗಳು. ಶಾಲೆಯಲ್ಲಿ ಏನೋ ಹೆಸರಿದೆ, ನನಗೆ ಪುಟ್ಟಿ.

ಪುಟ್ಟಿಗೆ ನಾಲ್ಕು ತುಂಬಿದ ಮೇಲೆ ಬೆಳೆಯುವುದೇ ನಿಂತುಹೋಯಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಉಂಡ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮೂಲೆ ಸೇರುತ್ತಿದ್ದಳು. ಜಂತುಹುಳಕ್ಕೆ ಔಷಧಿ ಆಯಿತು, ರಕ್ತ ಕಮ್ಮಿ ಎಂದು ಟಾನಿಕ್ಕು ಆಯಿತು, ನಾನು ದೃಷ್ಟಿ ತೆಗೆದದ್ದೂ ಆಯಿತು. ಗೋಧಿ ತಿಂದರೆ ಮೈ ಗಟ್ಟಿಯಾಗುತ್ತದೆ ಎಂದು ಒಳ್ಳೆ ಗೋಧಿ ಆರಿಸಿ ಬೀಸಿ ಕಳಿಸುತ್ತಿದ್ದವಳು ನಾನೇ. ಚಪಾತಿಗೆ ತುಪ್ಪ ಸವರಿ ಕೊಡಿ ಎಂದು ಫೋನಿನಲ್ಲಿ ಹೇಳುತ್ತಿದ್ದವಳೂ ನಾನೇ.

ಕೊನೆಗೆ ಶಿವಮೊಗ್ಗದ ಮಕ್ಕಳ ಡಾಕ್ಟರಮ್ಮ ಒಬ್ಬರು ಬೇರೆ ಥರದ ರಕ್ತ ಪರೀಕ್ಷೆ ಬರೆದುಕೊಟ್ಟರು. ಆಮೇಲೆ ಬಾಯಿಂದ ಪೈಪು ಇಳಿಸಿ ಕರುಳಿನ ಚೂರು ತೆಗೆದು ನೋಡಿಸಿದರು. ನಾವೆಲ್ಲ ಎದುರು ಕೂತಿದ್ದೆವು. ನನ್ನ ಬೈತಲೆಯಲ್ಲಿ ಹಿಟ್ಟು ಇತ್ತು.

"ಇವಳಿಗೆ ಗೋಧಿ ಆಗಲ್ಲಮ್ಮ," ಎಂದರು. "ಸೀಲಿಯಾಕ್ ಅಂತ ಕಾಯಿಲೆ. ಚಪಾತಿ ಹಿಟ್ಟು ಎಳೆದ್ರೆ ಹಿಗ್ಗುತ್ತಲ್ಲ, ಆ ಅಂಟು ಇವಳಿಗೆ ಆಗಲ್ಲ. ಅದು ಒಳಗೆ ಹೋದ್ರೆ ಇವಳ ಮೈಯೇ ಇವಳ ಕರುಳಿನ ಮೇಲೆ ಜಗಳಕ್ಕೆ ನಿಲ್ಲುತ್ತೆ. ಕರುಳು ಸವೆದು, ತಿಂದಿದ್ದು ಮೈಗೆ ಹತ್ತಲ್ಲ."

"ಔಷಧಿ ಏನು ಡಾಕ್ಟ್ರೇ?" ಮಗ ಕೇಳಿದ.

"ಬಿಡೋದೇ ಔಷಧಿ. ಗೋಧಿ, ರವೆ, ಮೈದಾ, ಶ್ಯಾವಿಗೆ, ಬಾರ್ಲಿ, ಬಿಸ್ಕತ್ತು, ಬ್ರೆಡ್ಡು. ಜೀವನಪೂರ್ತಿ. ಅಕ್ಕಿ, ರಾಗಿ, ಜೋಳ, ನವಣೆ ಧಾರಾಳವಾಗಿ ಕೊಡಿ."

ನನಗೆ ಕೇಳದೆ ಇರಲು ಆಗಲಿಲ್ಲ. "ಡಾಕ್ಟ್ರೇ, ಹಾಗಾದ್ರೆ ಇಷ್ಟು ವರ್ಷ ನಾನು ಊರಿಗೆಲ್ಲ ವಿಷ ಬೀಸಿ ಕೊಟ್ನಾ?"

ಅವರು ನಗಲು ಹೋದವರು ನನ್ನ ಮುಖ ನೋಡಿ ನಿಲ್ಲಿಸಿದರು. "ಇಲ್ಲಮ್ಮ. ನೀವು ದಿನಾ ತಿಂತೀರಲ್ಲ, ಏನಾಗಿದೆ ನಿಮ್ಗೆ? ಬೇರೆಯೋರಿಗೆ ಅದು ಊಟ. ಈ ಕಾಯಿಲೆ ಇರೋರಿಗೆ ಮಾತ್ರ ಆಗಲ್ಲ. ಯಾರಿಗಾದ್ರೂ ಅನುಮಾನ ಇದ್ರೆ ಮೊದ್ಲು ಪರೀಕ್ಷೆ ಮಾಡಿಸ್ಲಿ, ಮೊಬೈಲ್ ನೋಡ್ಕೊಂಡು ತಾವೇ ಬಿಡೋದು ಬೇಡ. ಬಿಟ್ಟ ಮೇಲೆ ಪರೀಕ್ಷೇಲೂ ಸರಿಯಾಗಿ ಗೊತ್ತಾಗಲ್ಲ."

ರಾಗಿ ಎಂಬ ಮಾತು ಕೇಳಿ ನನಗೆ ಜೀವ ಬಂದಿತ್ತು. ಬಸ್ಸಿನಲ್ಲಿ ಬರುವಾಗಲೇ ಹೇಳಿದೆ, "ಹಿಟ್ಟಿನ ಯೋಚನೆ ನಿಮಗೆ ಬೇಡ. ನಾನಿದ್ದೀನಿ."

ಸೊಸೆ ಅಡುಗೆಮನೆಯನ್ನು ತಲೆಕೆಳಗು ಮಾಡಿದಳು. ರವೆ ಡಬ್ಬ ಹೋಯಿತು, ಶ್ಯಾವಿಗೆ ಹೋಯಿತು. ಇಂಗಿನ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದು ಬರೆದದ್ದನ್ನು ಅವಳೇ ಕಂಡುಹಿಡಿದಳು, ಅದೂ ಹೋಯಿತು. ಮಗನ ಮಧ್ಯಾಹ್ನದ ಬುತ್ತಿಗೆ ಮಾತ್ರ ಚಪಾತಿ ಬೇಕಿತ್ತು. ಅದಕ್ಕೆ ಬೇರೆ ಹೆಂಚು, ಬೇರೆ ಲಟ್ಟಣಿಗೆ. ಚಪಾತಿ ಹಿಟ್ಟು ಮುಟ್ಟುವ ಮೊದಲೇ ಪುಟ್ಟಿಯ ಊಟ ಮುಗಿಯಬೇಕು. ಅವಳ ತಟ್ಟೆಯ ಅಂಚಿಗೆ ಉಗುರುಬಣ್ಣದ ಒಂದು ಕೆಂಪು ಚುಕ್ಕೆ ಇಟ್ಟರು, ಬೇರೆ ತಟ್ಟೆಗೆ ಸೇರದಿರಲಿ ಎಂದು. ಹೀಗೆ ಆ ಮಗು ಎಲ್ಲರಿಗಿಂತ ಮೊದಲು, ಒಬ್ಬಳೇ, ಚುಕ್ಕೆ ತಟ್ಟೆಯಲ್ಲಿ ಉಣ್ಣುವುದು ಶುರುವಾಯಿತು.

ಇತ್ತ ನನ್ನ ಕೆಲಸ. ರಾಗಿ ತರಿಸಿ, ಕೇರಿ, ಕಲ್ಲು ಆರಿಸಿ, ತೊಳೆದು ತಾರಸಿಯಲ್ಲಿ ಒಣಗಿಸುತ್ತಿದ್ದೆ. ಆಮೇಲೆ ಬೀಸುವುದು. ನೋಡದವರಿಗೆ ಹೇಳುತ್ತೇನೆ: ಗಿರಣಿಯಲ್ಲಿ ಎರಡು ದುಂಡು ಕಲ್ಲು ಎದುರುಬದುರು ಇರುತ್ತವೆ. ಒಂದು ಅಲ್ಲಾಡುವುದಿಲ್ಲ, ಇನ್ನೊಂದು ಬೆಲ್ಟಿನ ಮೇಲೆ ತಿರುಗುತ್ತದೆ. ಮೇಲಿನ ತಗಡಿನ ಬಾಯಿಗೆ ಕಾಳು ಸುರಿದರೆ, ಕೆಳಗೆ ಬಟ್ಟೆಯ ತೋಳಿನಿಂದ ಹಿಟ್ಟು ಬರುತ್ತದೆ. ಕಲ್ಲಿನ ಮೈಯಲ್ಲಿ ಕೊರೆದ ಗೆರೆಗಳಿವೆ. ಒಬ್ಬರ ಹಿಟ್ಟು ಆ ಗೆರೆಗಳಲ್ಲಿ ಉಳಿದು ಇನ್ನೊಬ್ಬರಿಗೆ ಸ್ವಲ್ಪ ಹೋಗೇ ಹೋಗುತ್ತದೆ, ಅದಕ್ಕೆ ಯಾರೂ ಜಗಳವಾಡುವುದಿಲ್ಲ. ಆದರೆ ಬೇಕಾದವರ ಹಿಟ್ಟು ಬೀಸುವಾಗ ಮೊದಲು ಕಲ್ಲು ತೊಳೆಯುತ್ತೇವೆ. ನೀರಿನಿಂದಲ್ಲ. ಒಂದು ಹಿಡಿ ಕಾಳು ಹಾಕಿ ಓಡಿಸಿದರೆ ಹಳೆಯ ಹಿಟ್ಟನ್ನೆಲ್ಲ ಎಳೆದುಕೊಂಡು ಬರುತ್ತದೆ. ಯಜಮಾನರು ಕಲಿಸಿದ್ದು. ಪುಟ್ಟಿಯ ರಾಗಿಗೆ ಒಂದು ಸಲವೂ ಕಲ್ಲು ತೊಳೆಯುವುದು ತಪ್ಪಿಸಲಿಲ್ಲ.

ಹಿಟ್ಟು ತುಂಬಿದ ಸ್ಟೀಲ್ ಡಬ್ಬವನ್ನು ಸೆರಗಿನಲ್ಲಿ ಒರೆಸಿ ಬಸ್ ಸ್ಟಾಪಿಗೆ ಹೋಗಿ ನಿಲ್ಲುತ್ತಿದ್ದೆ. ಸೊಸೆ ಕಿಟಕಿಯ ಪಕ್ಕದಲ್ಲೇ ಸೀಟು ಹಿಡಿದಿರುತ್ತಿದ್ದಳು. ಖಾಲಿ ಡಬ್ಬ ಹೊರಗೆ, ತುಂಬಿದ ಡಬ್ಬ ಒಳಗೆ. ಕಂಡಕ್ಟರು, "ಏನಜ್ಜಿ, ಡಬ್ಬಕ್ಕೂ ಟಿಕೆಟ್ ಹರೀಲಾ?" ಎನ್ನುತ್ತಿದ್ದ. ಅಷ್ಟೇ ನಮ್ಮ ಭೇಟಿ. ಆದರೂ ಮೈ ಹಗುರವಾಗುತ್ತಿತ್ತು.

ತಿಂಗಳುಗಳು ಕಳೆದವು. ಮತ್ತೆ ರಕ್ತ ಪರೀಕ್ಷೆ. ಇಳಿಯಬೇಕಾದದ್ದು ಇಳಿದಿರಲಿಲ್ಲ. ಲಂಗದ ಪಿನ್ನೂ ತೆಗೆದಿರಲಿಲ್ಲ. "ಎಲ್ಲಿಂದಲೋ ಗೋಧಿ ಹೋಗ್ತಿದೆ, ಹುಡುಕಿ," ಎಂದು ಡಾಕ್ಟರಮ್ಮ ಕಳಿಸಿದರು.

ಹುಡುಕುವುದು ಎಂದರೆ ನಮ್ಮ ಮನೆಗಳಲ್ಲಿ ಅನುಮಾನ ಪಡುವುದು. ಮಗ ಪಕ್ಕದ ಮನೆಯವರ ಮೇಲೆ ರೇಗಿದ. ಸೊಸೆ ಶಾಲೆಗೆ ಹೋಗಿ ಟೀಚರಿಗೆ ಹೇಳಿ ಬಂದಳು. ಕೊನೆಗೆ ಇಬ್ಬರೂ ಸೇರಿ ಮಗುವನ್ನೇ ಎದುರು ನಿಲ್ಲಿಸಿಕೊಂಡರು. ಆ ದಿನ ನಾನೂ ಅಲ್ಲಿದ್ದೆ.

"ನಿಜ ಹೇಳು ಪುಟ್ಟಿ, ಯಾರ ಟಿಫನ್ ಬಾಕ್ಸಲ್ಲಿ ಕೈ ಹಾಕ್ದೆ?" ಮಗ ಕೇಳಿದ.

"ಹಾಕಿಲ್ಲ."

"ಹುಟ್ಟಿದಬ್ಬದ ಕೇಕು?"

"ವಾಸ್ನೆ ಕೂಡ ನೋಡಿಲ್ಲಪ್ಪ. ಮೂಗು ಮುಚ್ಕೊಂಡು ಹೊರಗೆ ಹೋದೆ."

ಅವಳು ಅಳಲಿಲ್ಲ. ಚುಕ್ಕೆ ತಟ್ಟೆ ತೆಗೆದುಕೊಂಡು ಗೋಡೆಗೆ ಮುಖ ಮಾಡಿ ಕೂತು ಉಂಡಳು. ಮಗು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಾದರೆ ಎಲ್ಲಿಂದ? ಅದು ಗೊತ್ತಿರಲಿಲ್ಲ.

ಒಂದು ರಜೆಯ ದಿನ ಸೊಸೆ ಮಗುವನ್ನು ಕರೆದುಕೊಂಡು ಗಿರಣಿಗೇ ಬಂದಳು, ಹಿಟ್ಟು ಬೀಸಿಸಿಕೊಂಡು ಹೋಗಲು. ನನ್ನ ಸಂಭ್ರಮ ಕೇಳಬೇಡಿ. ಪುಟ್ಟಿಯನ್ನು ಮೂಟೆಯ ಮೇಲೆ ಕೂರಿಸಿದೆ. ಅಷ್ಟರಲ್ಲಿ ಯಾರದೋ ಜೋಳ ಬೀಸಿ ಮುಗಿಸಿದ್ದೆ. ಮೋಟಾರು ಹಾಕಿ, ಯಾವಾಗಿನಂತೆ ಪಕ್ಕದ ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ತಗಡಿನ ಬಾಯಿಗೆ ಎಸೆದೆ.

"ಅಜ್ಜಿ, ಅದು ಗೋಧಿ ಅಲ್ವಾ?"

"ಹೂಂ ಪುಟ್ಟಿ. ಒಳ್ಳೆ ಗೋಧಿ."

"ನಂಗಾಗಲ್ಲ ಅಲ್ವಾ?"

"ಇದು ತಿನ್ನೋಕಲ್ವೇ ಮಾರಾಯ್ತಿ, ಕಲ್ಲು ತೊಳೆಯೋಕೆ. ತೊಳೆದ ಹಿಟ್ಟು ಆಚೆ ಹಾಕ್ತೀನಿ. ನಿಂಗೆ ಬರೋದು ಬರೀ..."

ಬಾಗಿಲಲ್ಲಿ ಸೊಸೆ ನಿಂತಿದ್ದಳು. ಕಲ್ಲು ತಿರುಗುತ್ತಲೇ ಇತ್ತು.

ಅಕ್ಕಿ ಹಾಕಿದರೆ ತರಿತರಿಯಾಗಿ ಹಾರಿಹೋಗುತ್ತದೆ. ಗೋಧಿಯಾದರೆ ಅಂಟಿಕೊಂಡು ಎಳೆಯುತ್ತದೆ, ಅದಕ್ಕೇ ನಾವು ಗೋಧಿಯಲ್ಲೇ ತೊಳೆಯುವುದು. ಡಾಕ್ಟರಮ್ಮ ಹೇಳಿದ ಅಂಟು ಅದೇ. ಬೇರೆಯವರ ಜೋಳ, ಬೇರೆಯವರ ಮೆಂತ್ಯದ ಹಿಟ್ಟು ಮಗುವಿಗೆ ಸೇರದಿರಲಿ ಎಂದು ನಾನು ಪ್ರತಿ ಸಲವೂ, ಆರಿಸಿದ ಒಳ್ಳೆ ಗೋಧಿಯನ್ನೇ ಆ ಗೆರೆಗಳಿಗೆ ಮೆತ್ತಿ, ಅದರ ಮೇಲೆ ಅವಳ ರಾಗಿ ಬೀಸಿದ್ದೆ.

ಮೋಟಾರು ಆರಿಸಿದೆ. ಸೊಸೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪುಟ್ಟಿಯ ಎದುರು ಮೊಣಕಾಲೂರಿ ಕೂತು, "ನೀನು ನಿಜಾನೇ ಹೇಳಿದ್ದೆ ಕಂದ," ಎಂದು ತಲೆ ಸವರಿದಳು. ಮಗು ಮಾತ್ರ ನನ್ನನ್ನೇ ನೋಡುತ್ತಿತ್ತು.

ಕೇಳಿದಾಗ ಡಾಕ್ಟರಮ್ಮನೂ ಕಾರಣ ಆ ಗೋಧಿಯೇ ಎಂದರು. ಚಿಟಿಕೆ ಸಾಕಂತೆ. ತೊಳೆಯದೆ ಬೀಸಿದ್ದರೂ ಅಷ್ಟೇ, ಗೋಧಿ ಬೀಸುವ ಕಲ್ಲಿನಲ್ಲಿ ಅವಳ ಹಿಟ್ಟು ಆಗಲೇಬಾರದಂತೆ. ಮಗ ಮನೆಯಲ್ಲೇ ಬೀಸುವ ಸಣ್ಣ ಯಂತ್ರ ತಂದ. "ಅತ್ತೆ, ಇನ್ಮೇಲೆ ನೀವು ಕಷ್ಟಪಡೋದು ಬೇಡ," ಎಂದು ಸೊಸೆ ಫೋನಿನಲ್ಲಿ ಹೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು "ಹೂಂ" ಎಂದು ಫೋನಿಟ್ಟೆ. ಸ್ಟೀಲ್ ಡಬ್ಬ ಖಾಲಿಯಾಗಿ ಕಪಾಟಿನ ಮೇಲೆ ಕೂತಿತು.

ಆಮೇಲಿನ ದಿನಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಶಂಕರಘಟ್ಟದ ಬಸ್ಸು ಬರುವ ಹೊತ್ತಿಗೆ ಕಾಲು ತಾನಾಗಿ ಸ್ಟಾಪಿನ ಕಡೆ ಹೋಗುತ್ತಿತ್ತು. ಸೊಸೆ ಕಿಟಕಿಯಿಂದ ಕೈ ಬೀಸುತ್ತಿದ್ದಳು. ನಾನೂ ಬೀಸುತ್ತಿದ್ದೆ. ಕೊಡಲು ಕೈಯಲ್ಲಿ ಏನೂ ಇರುತ್ತಿರಲಿಲ್ಲ. ವಾಪಸ್ಸು ಬಂದು ಇನ್ಯಾರದೋ ಗೋಧಿ ಬೀಸುತ್ತಿದ್ದೆ. ಒಬ್ಬಳಿಗೆ ಮುದ್ದೆ ಮಾಡುವುದು ಮಾಡಿದವರಿಗೇ ಗೊತ್ತು. ಒಂದೇ ಮುದ್ದೆಯ ಹಿಟ್ಟು ಪಾತ್ರೆಯ ತಳಕ್ಕೆ ಹತ್ತುತ್ತದೆ, ಸರಿಯಾಗಿ ಬೇಯುವುದಿಲ್ಲ. ಹಾಗಾಗಿ ಎರಡು ಮಾಡಿ, ಒಂದು ಬಿಸಿಯಾಗಿ ತಿಂದು, ಇನ್ನೊಂದನ್ನು ಸಂಜೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಿದ್ದೆ.

ಭಾನುವಾರ ವಿದ್ಯಾನಗರಕ್ಕೆ ಹೋದರೆ ಒಳಗೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ. ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು ಹೋದರೂ, ಮೈಯ ಯಾವುದೋ ಮೂಲೆಯಲ್ಲಿ ಗೋಧಿ ಕೂತಿದೆ ಎನ್ನಿಸುತ್ತಿತ್ತು. ಮೆಟ್ಟಿಲ ಮೇಲೇ ಕೂರುತ್ತಿದ್ದೆ.

"ಮುಟ್ಟಿದ್ರೆ ಏನೂ ಆಗಲ್ವಂತೆ ಅಮ್ಮ, ಬಾಯಿಗೆ ಹೋಗ್ಬಾರ್ದು ಅಷ್ಟೆ. ಡಾಕ್ಟ್ರೇ ಹೇಳಿದಾರೆ. ಕೈ ತೊಳ್ಕೊಂಡು ಬಾ ಒಳಗೆ," ಎಂದು ಮಗ ಎಷ್ಟು ಕರೆದರೂ, "ಇಲ್ಲೇ ಗಾಳಿ ಚೆನ್ನಾಗಿದೆ ಕಣೋ," ಎನ್ನುತ್ತಿದ್ದೆ. ಪುಟ್ಟಿಯ ಕೆನ್ನೆ ಹಿಡಿದು ಎಷ್ಟು ಕಾಲವಾಗಿತ್ತೋ.

ಅಂಥ ಒಂದು ಭಾನುವಾರ ಸೊಸೆ ನನಗೆ ಮೆಟ್ಟಿಲಿಗೇ ಊಟ ತಂದುಕೊಟ್ಟಳು. ಪುಟ್ಟಿ ತನ್ನ ಚುಕ್ಕೆ ತಟ್ಟೆ ಹಿಡಿದುಕೊಂಡು ಬಂದು ಹೊಸ್ತಿಲ ಒಳಗೆ, ನನ್ನ ಎದುರಿಗೆ ಚಕ್ಕಂಬಕ್ಕಲ ಹಾಕಿ ಕೂತಳು.

"ಅಜ್ಜಿ, ನೀನೂ ಒಬ್ಳೇ ತಿನ್ನೋದಾ?"

"ಹೂಂ ಕಣೆ."

"ನಾನೂ ಒಬ್ಳೇ. ಇಬ್ರೂ ಜೊತೇಲಿ ಒಬ್ಬೊಬ್ರೇ ತಿನ್ನಾಣ."

ನಗು ಬಂತು. ವಾಪಸ್ಸು ಬರುವ ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿದೆ: ನನ್ನ ಗಿರಣಿಯಲ್ಲಿ, ನನ್ನ ಅಡುಗೆಯಲ್ಲಿ ಇನ್ನು ಗೋಧಿ ಇಲ್ಲ.

ಹೇಳುವುದು ಸುಲಭ. ಗಿರಣಿಯ ಅನ್ನವೇ ಗೋಧಿ. ಹಿಂದಿನ ಬೀದಿಯಲ್ಲಿ ಚಪಾತಿ ಮಾಡಿ ಹೋಟೆಲಿಗೆ ಕೊಡುವ ಬೀಬಿ ಒಬ್ಬರಿದ್ದಾರೆ. ದಿನಾ ಅವರ ಗೋಧಿ ಬೀಸುವಷ್ಟು ಹೊತ್ತೂ ನನ್ನ ಪಕ್ಕದಲ್ಲೇ ಕೂತು ಹರಟುತ್ತಿದ್ದರು. ಇಡೀ ದಿನದಲ್ಲಿ ನನಗೆ ಇದ್ದ ಮಾತುಕತೆ ಅದೊಂದೇ. ಮೊದಲು ಅವರಿಗೆ ಹೇಳಿದೆ.

"ಏನಕ್ಕಾ, ದಿಮಾಗ್ ಖರಾಬಾಯ್ತಾ?" ಎಂದರು. "ನನ್ನ ಚಪಾತಿ ನಿಮ್ಗೇನ್ ಮಾಡ್ತು?"

"ನಿಮ್ಮ ಚಪಾತಿ ಏನೂ ಮಾಡಿಲ್ಲ. ನನ್ನ ಕಲ್ಲು ಮಾಡ್ತು."

ಅವರು ಮೂಟೆ ಎತ್ತಿಸಿಕೊಂಡು ಹೋದರು. ತಿರುಗಿ ನೋಡಲಿಲ್ಲ.

ಗಿರಣಿ ಮುಚ್ಚಿ ಫಿಟ್ಟರನ್ನು ಕರೆಸಿದೆ. ಅವನು ಕಲ್ಲು ಬಿಚ್ಚಿ, "ಚೆನ್ನಾಗಿದೆಯಲ್ಲಮ್ಮ, ಇನ್ನೂ ಓಡುತ್ತೆ. ಬ್ರಷ್ ಹಾಕಿ ಉಜ್ಜಿ ಕೊಡ್ತೀನಿ," ಎಂದ. ನಾನು ಒಂದು ಪೊರಕೆ ಕಡ್ಡಿಯಿಂದ ಕಲ್ಲಿನ ಗೆರೆ ಕೆದಕಿದೆ. ಗಟ್ಟಿಯಾದ ಹಿಟ್ಟು ಉದುರಿತು. ಮತ್ತೆ ಕೆದಕಿದೆ, ಮತ್ತೆ ಉದುರಿತು. ಅವನು ಕಲ್ಲು ಎತ್ತಿ ಹೊರಗಿಟ್ಟ. ಯಜಮಾನರು ಆರಿಸಿ ತಂದ ಕಲ್ಲುಗಳು ಅವು. ಒಂದು ಈಗ ಹಿತ್ತಿಲಲ್ಲಿ ಬಟ್ಟೆ ಒಗೆಯಲು ಆಗಿದೆ. ಒಗೆಯುವಾಗ ಅವರ ನೆನಪಾಗುತ್ತದೆ.

ತಗಡಿನ ಬಾಯಿ ಹೊಸದು ಮಾಡಿಸಿದೆ, ಬಟ್ಟೆಯ ತೋಳು ಹೊಸದು ಹೊಲಿಸಿದೆ. ಹಳೆಯ ಚೀಲ, ಮೊರ, ಜರಡಿ ಎಲ್ಲ ಕೊಟ್ಟುಬಿಟ್ಟೆ. ತೊಲೆಯ ಮೇಲೆ, ಜೇಡರ ಬಲೆಯಲ್ಲಿ, ಸ್ವಿಚ್ ಬೋರ್ಡಿನ ಹಿಂದೆ, ಯಜಮಾನರ ಫೋಟೋದ ಚೌಕಟ್ಟಿನಲ್ಲಿ, ಎಲ್ಲೆಲ್ಲೂ ಹಿಟ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ನೀರು ಹೊಯ್ದು ತೊಳೆದೆ, ಸುಣ್ಣ ಹೊಡೆಸಿದೆ. ಹೊಸ ಕಲ್ಲಿನಲ್ಲಿ ಮೊದಲು ಅಕ್ಕಿ ಓಡಿಸಿ, ಆ ಹಿಟ್ಟು ಯಾರಿಗೂ ಕೊಡದೆ ದನಕ್ಕೆ ಹಾಕಿ, ಮತ್ತೆ ಓಡಿಸಿದೆ. ಬಾಗಿಲಿಗೆ ಬೋರ್ಡು ಹಾಕಿದೆ: ಇಲ್ಲಿ ಗೋಧಿ ಬೀಸುವುದಿಲ್ಲ.

ಬೋರ್ಡು ಓದಿದವರು ಹಾಗೇ ಮುಂದಕ್ಕೆ ಹೋಗುತ್ತಿದ್ದರು. ಬೆಳಗಿನ ಹೊತ್ತು ಮೂಟೆಗಳ ಸಾಲು ಇರುತ್ತಿದ್ದ ಕಟ್ಟೆಯ ಮೇಲೆ ಬೆಕ್ಕು ಮಲಗುತ್ತಿತ್ತು. ಮಧ್ಯಾಹ್ನದವರೆಗೆ ಮೋಟಾರು ಹಾಕದ ದಿನಗಳೂ ಇದ್ದವು.

ಎದುರುಮನೆಯ, ಕಾರ್ಖಾನೆಯಿಂದ ರಿಟೈರಾದ ಹಿರಿಯರಿಗೆ ಮಾತ್ರ ಭಾರಿ ಸಂತೋಷ. ಮೊಬೈಲು ಹಿಡಿದುಕೊಂಡೇ ಬಂದರು. "ಭೇಷ್! ಕೊನೆಗೂ ನೀವು ಅರ್ಥ ಮಾಡ್ಕೊಂಡ್ರಿ. ಗೋಧಿ ಅಂದ್ರೆ ವಿಷ. ಅಕ್ಕಿ, ರಾಗೀನೂ ವಿಷಾನೇ, ಇರ್ಲಿ ಬಿಡಿ. ನಾನು ಧಾನ್ಯ ಬಿಟ್ಟು ಎಷ್ಟು ಆರಾಮಾಗಿದೀನಿ ನೋಡಿ. ಬೋರ್ಡ್ ಪಕ್ಕ ನಿಂತ್ಕೊಳ್ಳಿ, ಗೋಧಿ ವಿಷ ಅಂತ ಒಂದ್ ಮಾತು ಹೇಳಿ, ವಿಡಿಯೋ ಮಾಡ್ತೀನಿ. ನಾಳೆಯಿಂದ ನಿಮ್ಮ ಬಾಗಿಲಿಗೆ ಕ್ಯೂ."

ಅವರ ಹೆಂಡತಿ ಕಿಟಕಿಯಿಂದಲೇ ಕೂಗಿದರು, "ಏನ್ ಬಿಟ್ಟಿದಾರೋ ಮಾರಾಯ್ತಿ! ಹಬ್ಬಕ್ಕೆ ಮಾಡಿದ ಹೋಳಿಗೆ ಡಬ್ಬಿಗೆ ಬೀಗ ಹಾಕೋ ಹಾಗಾಗಿತ್ತು."

ಖಾಲಿ ಕಟ್ಟೆ ನೋಡಿದೆ. ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಡಾಕ್ಟರಮ್ಮನ ಮಾತು ನೆನಪಾಯಿತು. ನನ್ನ ವಿಡಿಯೋ ನೋಡಿ ಯಾವ ತಾಯಿಯೋ ಪರೀಕ್ಷೆ ಮಾಡಿಸದೆ ಮಗುವಿಗೆ ಊಟ ಬಿಡಿಸಿದರೆ? "ನನ್ನ ಬಾಯಲ್ಲಿ ಆ ಮಾತು ಬರಲ್ಲ ಸ್ವಾಮಿ," ಎಂದೆ. "ಗೋಧಿ ತಿಂದೇ ನನ್ನ ಮಗ ಇಷ್ಟೆತ್ತರ ಆದ. ಅದು ವಿಷ ಅಲ್ಲ. ನಮ್ಮ ಮಗೂಗೆ ಆಗಲ್ಲ. ಎರಡೂ ಬೇರೆ."

ಅವರು ಮೊಬೈಲು ಜೇಬಿಗೆ ಹಾಕಿಕೊಂಡು ಹೋದರು. ಅವರ ಮನೆಯಾಕೆ ಮಾರನೆಯ ದಿನದಿಂದ ರಾಗಿ ತರಲು ಶುರು ಮಾಡಿದರು.

ಒಂದು ದಿನ ಎಲ್ಲವೂ ಮತ್ತೆ ಕೆಟ್ಟಿತು. ಬಾಣಂತಿ ಮಗಳ ಕೂಸಿಗೆ ಎಂದು ಒಬ್ಬಾಕೆ ಹುರಿದ ರಾಗಿ, ಬೇಳೆ, ಬಾದಾಮಿ ಬೆರೆಸಿದ ಕಾಳು ತಂದರು. ಗಿರಾಕಿ ಬಂದ ಖುಷಿಯಲ್ಲಿ ಹಾಗೇ ಸುರಿದೆ. ಅರ್ಧ ಇಳಿದ ಮೇಲೆ ಕಣ್ಣಿಗೆ ಬಿತ್ತು: ರಾಗಿಯ ನಡುವೆ ಕೆಂಪಗೆ ಹುರಿದ ಗೋಧಿ. ಮೋಟಾರು ಆರಿಸಿ ಅಲ್ಲೇ ಕೂತೆ. ಆಕೆಗೆ ಬೈಯಲು ಏನಿದೆ, ಕೂಸಿನ ಹಿಟ್ಟಿಗೆ ನಮ್ಮಲ್ಲಿ ಎಲ್ಲರೂ ಗೋಧಿ ಹಾಕುತ್ತಾರೆ. ಮತ್ತೆ ಫಿಟ್ಟರು, ಮತ್ತೆ ಕಲ್ಲು ಬಿಚ್ಚುವುದು. ಹೊಸ ಕಲ್ಲು, ಗೆರೆ ಚೊಕ್ಕ, ಉಜ್ಜಿದರೆ ಹೋಗುತ್ತದೆ ಎಂದ ಫಿಟ್ಟರು. ನನಗೆ ಧೈರ್ಯ ಬರಲಿಲ್ಲ. ಹೊಸದಾಗಿ ಇನ್ನೊಂದು ಜೊತೆ ಹಾಕಿಸಿ, ಬಟ್ಟೆಯ ತೋಳನ್ನೂ ಬದಲಾಯಿಸಿದೆ. ಅಂದಿನಿಂದ ಯಾರು ಏನೇ ತರಲಿ, ಮೊದಲು ಮೊರದ ಮೇಲೆ ಹರಡಿ ನೋಡಿಯೇ ಕಲ್ಲಿಗೆ.

ಆ ದಿನ ಕಲ್ಲಿನ ಪುಡಿ ಗುಡಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಹಿಂದಿನ ಬೀದಿಯ ಬೀಬಿ. ಒಳಗೆ ಬರದೆ ಹೊಸ್ತಿಲಾಚೆಯೇ ನಿಂತಿದ್ದರು.

"ಗೋಧಿ ಬೇರೆ ಕಡೆ ಬೀಸಿಸ್ಕೊಂಡ್ ಬಂದೆ ಅಕ್ಕಾ. ಅಲ್ಲಿ ಹಿಟ್ಟು ಸಿಗುತ್ತೆ, ಮಾತು ಸಿಗಲ್ಲ. ಕೈಕಾಲ್ ತೊಳ್ದು, ಸೀರೆ ಬದಲಾಯ್ಸಿ ಬಂದೀನಿ. ಈಗ ಒಳಗೆ ಬರ್ಲಾ?"

ವಿದ್ಯಾನಗರದ ಮೆಟ್ಟಿಲ ಮೇಲೆ ನಾನು ಕೂರುತ್ತಿದ್ದದ್ದು ನೆನಪಾಯಿತು. ಕೈ ಹಿಡಿದು ಒಳಗೆ ಎಳೆದುಕೊಂಡೆ. ಅವತ್ತಿನಿಂದ ಮೊರ ಹಿಡಿದು ರಾಗಿಯಲ್ಲಿ ಗೋಧಿ ಕಾಳು ಹುಡುಕುವ ಕೆಲಸ ಅವರದ್ದೇ. ಗೋಧಿಯ ಗುರುತು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಇದೆ!

ಈ ನಡುವೆ ಮನೆಯ ಯಂತ್ರದ ಹಿಟ್ಟು ತಿಂದು ಪುಟ್ಟಿಯ ರಕ್ತದಲ್ಲಿ ಇಳಿಯಬೇಕಾದದ್ದು ಇಳಿಯತೊಡಗಿತ್ತು. ಹೊಟ್ಟೆನೋವು ನಿಂತಿತ್ತು. ನನಗದೇ ಸಾಕಿತ್ತು. ಆದರೆ ಆ ಸಣ್ಣ ಯಂತ್ರದಲ್ಲಿ ರಾಗಿ ನುಣ್ಣಗೆ ಬರುತ್ತಿರಲಿಲ್ಲ, ಮುದ್ದೆ ಮರಳು ಮರಳು. ಸೊಸೆಯೇ ಡಾಕ್ಟರಮ್ಮನಿಗೆ ನನ್ನ ಗಿರಣಿಯ ಕಥೆ ಹೇಳಿದಳಂತೆ. ಅವರು ಕಲ್ಲು, ಚೀಲ, ಮೊರ ಎಲ್ಲ ಕೇಳಿ, "ಕೊಟ್ಟು ನೋಡಿ. ಕೆಲವು ತಿಂಗಳು ಬಿಟ್ಟು ಮತ್ತೆ ರಕ್ತ ನೋಡೋಣ," ಎಂದರಂತೆ.

ಮತ್ತೆ ಡಬ್ಬ ಬಸ್ಸಿನ ಕಿಟಕಿಗೆ ಏರಿತು. ಹಿಂದೆಯೂ ಇದೇ ಕೈ, ಇದೇ ಡಬ್ಬ, ಇದೇ ಪ್ರೀತಿ. ಆ ಕೆಲವು ತಿಂಗಳು ನಾನು ಪಟ್ಟ ಭಯ ಯಾರಿಗೂ ಹೇಳಲಿಲ್ಲ. ದಿನವೂ ಬಸ್ಸಿನ ಕಿಟಕಿಯಲ್ಲಿ ಸೊಸೆಯ ಮುಖ ಹುಡುಕುತ್ತಿದ್ದೆ. ಅವಳು ತಲೆ ಆಡಿಸಿದರೆ ಮಗು ಆರಾಮು ಎಂದು ಲೆಕ್ಕ. ಆಮೇಲೆ ಬಂದು ಮೋಟಾರು ಹಾಕುತ್ತಿದ್ದೆ. ಹೀಗೇ ನಿನ್ನೆಯವರೆಗೆ. ನಿನ್ನೆ ಕಿಟಕಿಯಲ್ಲಿ ಮುಖ ಕಾಣಲಿಲ್ಲ, ಗಿರಣಿಗೆ ಬಂದು ಮೋಟಾರು ಹಾಕಿದ ಮೇಲೆ ಲಂಗವೇ ಓಡಿ ಬಂತು!

ಸಂಜೆ ಮಗನೂ ಅಂಗಡಿಯಿಂದ ನೇರ ಭದ್ರಾವತಿಗೇ ಬಂದ. ನಮ್ಮ ಹಿಂದಿನ ಕೋಣೆ ಎಲ್ಲರಿಗೆ ಸಾಲದು ಎಂದು ಗಿರಣಿಯಲ್ಲೇ, ಮೋಟಾರಿನ ಪಕ್ಕ ಚಾಪೆ ಹಾಸಿದೆವು. ರಾಗಿ ಮುದ್ದೆ, ಹುರುಳಿ ಸಾರು, ಅಕ್ಕಿ ರೊಟ್ಟಿ, ಸಬ್ಬಕ್ಕಿ ಪಾಯಸ. ಎಲ್ಲರಿಗೂ ಒಂದೇ ಪಾತ್ರೆ, ಒಂದೇ ಸೌಟು. ಯಾರೂ ಮೊದಲಲ್ಲ, ಯಾರೂ ಆಮೇಲಲ್ಲ. ಬೀಬಿಯನ್ನೂ ಬಿಡದೆ ಕೂರಿಸಿದೆ. ಇಷ್ಟು ಜನಕ್ಕೆ ಮುದ್ದೆ ತಿರುವಿ ತೋಳು ನೋಯುತ್ತಿತ್ತು. ಎಂಥ ಹಿತವಾದ ನೋವು ಅದು!

ಸೊಸೆ ತಟ್ಟೆ ಹಂಚಿದಳು. ಉಣ್ಣಲು ಶುರು ಮಾಡಿದ ಮೇಲೆ ಪುಟ್ಟಿ ನನ್ನ ತಟ್ಟೆಯ ಕಡೆ ಬೆರಳು ಮಾಡಿದಳು.

"ಅಜ್ಜಿ! ನನ್ ಚುಕ್ಕೆ ತಟ್ಟೆ ನಿಂಗ್ ಬಂದಿದೆ."

ನೋಡಿದರೆ ಹೌದು, ವಿದ್ಯಾನಗರದಿಂದ ತಂದಿದ್ದ ತಟ್ಟೆಯೇ, ಅಂಚಿನಲ್ಲಿ ಕೆಂಪು ಚುಕ್ಕೆ. ಸೊಸೆ ಗಾಬರಿಯಿಂದ ಏಳಲು ಹೋದಳು.

"ಇರ್ಲಿ ಬಿಡಮ್ಮ," ಎಂದಳು ಪುಟ್ಟಿ, ದೊಡ್ಡವರ ಹಾಗೆ. "ಇಲ್ಲಿ ಎಲ್ಲಾ ತಟ್ಟೇನೂ ನಂದೇ."

ಆಮೇಲೆ ಸಾರಿನ ಕೈಯಲ್ಲೇ ತಟ್ಟೆ ಮುಂದಕ್ಕೆ ಚಾಚಿದಳು, "ಇನ್ನರ್ಧ ಮುದ್ದೆ." ಮುದ್ದೆ ಹಾಕಿ, ಅದೇ ಹಿಟ್ಟು ಮೆತ್ತಿದ ಕೈಯಲ್ಲಿ ಅವಳ ಎರಡೂ ಕೆನ್ನೆ ಹಿಡಿದೆ. ಕೆನ್ನೆ ಕೈ ತುಂಬಾ ಸಿಕ್ಕಿತು.